ಹೊಸ ‘ಕಾಸ್ಮೋಸ್’ ಸರಣಿ: ಚೆಂದ ಉಂಟು, ಆದರೆ ‘ಹೇಗೆ ಗೊತ್ತಾಯಿತು’ ಎಲ್ಲಿ? (ಜಾಲತಾಣದ ಚರ್ಚೆ, 2014)

ಪೆರಡಾಲ ಹೊಳೆ
ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1980ರಲ್ಲಿ ಮಾಡಿದ್ದ ‘ಕಾಸ್ಮೋಸ್’ ಎಂಬ ವಿಜ್ಞಾನದ ಟಿವಿ ಸರಣಿ ಈಗ, 2014ರಲ್ಲಿ, ಹೊಸದಾಗಿ ಬರುತ್ತಾ ಉಂಟಲ್ಲ, ಯಾರಾದರೂ ನೋಡುತ್ತಿದ್ದೀರಾ? ನಡೆಸಿಕೊಡುವುದು ನೀಲ್ ಡಿಗ್ರಾಸ್ ಟೈಸನ್, ನ್ಯೂಯಾರ್ಕಿನ ಹೇಡನ್ ತಾರಾಲಯದ ನಿರ್ದೇಶಕರು. ಒಟ್ಟು 13 ಕಂತು. ಮೊದಲ ಕೆಲವು ಕಂತು ನೋಡಿ ಅನಿಸಿದ್ದನ್ನು ಹೇಳುತ್ತೇನೆ. ಬೈಯುವವರು ಪೂರ್ತಿ ಓದಿ ಬೈಯಿರಿ.

ಚಿತ್ರಗಳ ಬಗ್ಗೆ ಎರಡು ಮಾತಿಲ್ಲ. ಸಂಗೀತವೂ ಭರ್ಜರಿ. ವಿಶ್ವದ 1380 ಕೋಟಿ ವರ್ಷವನ್ನು ಒಂದೇ ವರ್ಷದ ಕ್ಯಾಲೆಂಡರಿಗೆ ಇಳಿಸಿದ್ದು ತುಂಬ ಇಷ್ಟವಾಯಿತು. ಜನವರಿ 1ಕ್ಕೆ ಮಹಾಸ್ಫೋಟ, ಆಗಸ್ಟ್ ಕೊನೆಗೆ ಸೂರ್ಯ, ಡಿಸೆಂಬರ್ 30ಕ್ಕೆ ಡೈನೋಸಾರುಗಳ ಕತೆ ಖಲಾಸ್. ಮನುಷ್ಯ ಬರೆದಿಟ್ಟ ಚರಿತ್ರೆ ಎಲ್ಲ ಸೇರಿ ಡಿಸೆಂಬರ್ 31ರ ಕೊನೆಯ 14 ಸೆಕೆಂಡು!

ಆದರೆ ಈ 1380 ಕೋಟಿ ಎಲ್ಲಿಂದ ಬಂತು? ಅದನ್ನು ಹೇಳುವುದೇ ಇಲ್ಲ. ಅಪ್ಪ ಪಕ್ಕದಲ್ಲಿ ಕೂತು ಅಡಿಕೆ ಸುಲಿಯುತ್ತಾ ನೋಡುತ್ತಿದ್ದರು. “ಅಳೆದವರು ಯಾರು?” ಅಂತ ಕೇಳಿದರು. (ಗಡಿಕಲ್ಲಿನ ತಕರಾರು ನಮ್ಮಲ್ಲಿ ಅಜ್ಜನ ಕಾಲದಿಂದ ಉಂಟು. ಅಳತೆಯವರನ್ನು ಅಪ್ಪ ಅಷ್ಟು ಸುಲಭಕ್ಕೆ ನಂಬುವುದಿಲ್ಲ.) ಟೈಸನ್ ಅದಕ್ಕೆ ನಿಲ್ಲಲಿಲ್ಲ, ಮುಂದಿನ ತಿಂಗಳಿಗೆ ನಡೆದೇಬಿಟ್ಟರು. ಅದೇ ಕಂತಿನಲ್ಲಿ ಬ್ರೂನೋ ಎಂಬ ಸನ್ಯಾಸಿಯ ಕತೆಗೆ ಮಾತ್ರ ಹತ್ತು ನಿಮಿಷಕ್ಕೂ ಜಾಸ್ತಿ ಕಾರ್ಟೂನು. ಕೊನೆಗೆ ಅವರೇ ಹೇಳುತ್ತಾರೆ, ಇವನು ವಿಜ್ಞಾನಿ ಅಲ್ಲ, ಇವನ ಹತ್ತಿರ ಆಧಾರ ಏನೂ ಇರಲಿಲ್ಲ ಅಂತ. ಮತ್ತೆ ಯಾಕೆ ಅಷ್ಟು ಹೊತ್ತು?

ವಿಜ್ಞಾನ ಅಂದರೆ ಉತ್ತರ ಮಾತ್ರ ಅಲ್ಲ ಅಲ್ವಾ? ನಿಮಗೆ ಏನನ್ನಿಸಿತು?

ಉಪ್ಪಳದವಳು
ನೀವು ಮೊದಲ ಕಂತಿನಲ್ಲೇ ಎಲ್ಲ ಬೇಕು ಅಂದರೆ ಹೇಗೆ? ಅದು ಜನರನ್ನು ಒಳಗೆ ಕರೆಯುವ ಕಂತು. ನನಗೆ ಇಷ್ಟವಾದದ್ದು ಅದರ ಕೊನೆ. 1975ರ ಡಿಸೆಂಬರ್. ಟೈಸನ್‌ಗೆ ಹದಿನೇಳು ವರ್ಷ, ಬ್ರಾಂಕ್ಸಿನ ಹುಡುಗ. ಸೇಗನ್ ಆಗಲೇ ದೊಡ್ಡ ಹೆಸರು. ಅಂಥವರು ಈ ಹುಡುಗನನ್ನು ಇಥಾಕಾಕ್ಕೆ ಕರೆಸಿ, ತಾವೇ ಪ್ರಯೋಗಾಲಯ ತೋರಿಸಿ, ಪುಸ್ತಕಕ್ಕೆ ಸಹಿ ಹಾಕಿ ಕೊಟ್ಟು, ಸಂಜೆ ಬಸ್ ನಿಲ್ದಾಣಕ್ಕೆ ಬಿಡುತ್ತಾರೆ. ಹಿಮ ಬೀಳುತ್ತಿತ್ತು. ಬಸ್ಸು ಬಾರದಿದ್ದರೆ ಫೋನ್ ಮಾಡು, ನಮ್ಮ ಮನೆಯಲ್ಲೇ ಉಳಿ ಅಂತ ಮನೆಯ ನಂಬರು ಬರೆದುಕೊಟ್ಟರಂತೆ. ಆ ಹುಡುಗ ಆಮೇಲೆ ಸೇಗನ್ ಇದ್ದ ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಲೇ ಇಲ್ಲ, ಹಾರ್ವರ್ಡಿಗೆ ಹೋದ. ಆದರೂ ಆ ಪುಸ್ತಕ ಇಟ್ಟುಕೊಂಡಿದ್ದಾರೆ, ಕಂತಿನಲ್ಲಿ ತೋರಿಸಿದರು.

ಒಬ್ಬ ಮೇಷ್ಟ್ರು ಹೀಗೆ ಸಿಕ್ಕಿದರೆ ಸಾಕು. ನನಗಂತೂ ಕಣ್ಣು ತುಂಬಿತು.

ಮುರಕಲ್ಲು
ನನಗೂ ಕಣ್ಣು ತುಂಬಿತು, ಜಾಹೀರಾತು ನೋಡಿ ನೋಡಿ.

ಮಂಜೇಶ್ವರ ಎಂಜಿನಿಯರ್
@ಪೆರಡಾಲ ಹೊಳೆ, ಅಪ್ಪನಿಗೆ ಹೀಗೆ ಹೇಳಿ. ದೂರದ ಗ್ಯಾಲಕ್ಸಿಗಳು (ಕೋಟಿಗಟ್ಟಲೆ ನಕ್ಷತ್ರಗಳ ಗುಂಪುಗಳು) ನಮ್ಮಿಂದ ದೂರ ಹೋಗುತ್ತಿವೆ. ಹೆಚ್ಚು ದೂರ ಇದ್ದದ್ದು ಹೆಚ್ಚು ವೇಗದಲ್ಲಿ. ಇದನ್ನು ಹಬಲ್ 1929ರಲ್ಲಿ ಅಳೆದು ತೋರಿಸಿದ. ಹಾಗಾದರೆ ಲೆಕ್ಕವನ್ನು ಹಿಂದಕ್ಕೆ ಓಡಿಸಿ, ಎಲ್ಲ ಒಟ್ಟಿಗೆ ಇದ್ದ ಕಾಲ ಸಿಗುತ್ತದೆ. ಮೊದಮೊದಲು ಲೆಕ್ಕ ಸರಿ ಬರಲಿಲ್ಲ, ವಿಶ್ವಕ್ಕಿಂತ ಭೂಮಿಗೇ ವಯಸ್ಸು ಜಾಸ್ತಿ ಅಂತ ಬಂತು! ದೂರ ಅಳೆದದ್ದು ತಪ್ಪಾಗಿತ್ತು. ಸರಿ ಮಾಡಲು ದಶಕಗಳೇ ಹಿಡಿದವು.

ಇನ್ನೊಂದು ದಾರಿ 1964ರಲ್ಲಿ ಸಿಕ್ಕಿತು. ಅಮೆರಿಕದಲ್ಲಿ ಪೆಂಜಿಯಾಸ್, ವಿಲ್ಸನ್ ಅಂತ ಇಬ್ಬರು ಒಂದು ದೊಡ್ಡ ಆಂಟೆನಾ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಎತ್ತ ತಿರುಗಿಸಿದರೂ ಒಂದೇ ಸಮನೆ ಗುಂಯ್ ಸದ್ದು. ಒಳಗೆ ಪಾರಿವಾಳ ಗೂಡು ಕಟ್ಟಿ ಹಿಕ್ಕೆ ಹಾಕಿತ್ತು. ಅದನ್ನೆಲ್ಲ ತೊಳೆದರು, ಸದ್ದು ಹೋಗಲಿಲ್ಲ. ಅದು ವಿಶ್ವದ ಮೊದಲ ಬಿಸಿಯಲ್ಲಿ ಉಳಿದ ಅಂಶ ಅಂತ ಆಮೇಲೆ ಗೊತ್ತಾಯಿತು. 1978ರಲ್ಲಿ ನೊಬೆಲ್ ಬಂತು. ಈಗಿನ 1380 ಕೋಟಿ ಅದೇ ಬಿಸಿಯನ್ನು ಪ್ಲಾಂಕ್ ಉಪಗ್ರಹ ಸೂಕ್ಷ್ಮವಾಗಿ ಅಳೆದು ಕೊಟ್ಟ ಲೆಕ್ಕ, 2013ರಲ್ಲಿ ಬಂದದ್ದು.

ನಮ್ಮ ಮನೆಯಲ್ಲಿ ಮೊದಲು ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿದ್ದೆವು. ಒಬ್ಬ ಕೆಳಗೆ ನಿಂತು ಕಂಬ ತಿರುಗಿಸುವುದು, ಒಬ್ಬ ಕಿಟಕಿಯಿಂದ “ಬಂತು... ಹೋಯಿತು... ಸ್ವಲ್ಪ ಮಂಗಳೂರು ಕಡೆಗೆ” ಅಂತ ಬೊಬ್ಬೆ ಹಾಕುವುದು. ಚಿತ್ರ ಬಾರದೆ ಚುಕ್ಕಿ ಚುಕ್ಕಿ ಕುಣಿಯುತ್ತಿತ್ತಲ್ಲ, ಅದರಲ್ಲಿ ಒಂದು ಸಣ್ಣ ಪಾಲು ಇದೇ ಬಿಸಿಯದ್ದು.

ಬಾಯಾರು ಅಡಿಕೆ
ನೋಡಿ, ಇದನ್ನು ನೀವು ಇಷ್ಟು ಚಿಕ್ಕದಾಗಿ ಹೇಳಿದಿರಿ. ಪಾರಿವಾಳದ ಹಿಕ್ಕೆ ಇರುವ ಕತೆ ಬಿಟ್ಟು ಬ್ರೂನೋನನ್ನು ಹಿಡಿದುಕೊಂಡರಲ್ಲ ಅವರು! ನಾನು ಪೆರಡಾಲದವರ ಪಕ್ಷ.

ಮಂಜೇಶ್ವರ ಎಂಜಿನಿಯರ್
ನಾನು ಯಾರ ಪಕ್ಷವೂ ಅಲ್ಲ. ಆದರೆ ಆ ಕ್ಷುದ್ರಗ್ರಹಗಳ ನಡುವೆ ಟೈಸನ್ ಕೂತ ಬಾಹ್ಯಾಕಾಶದ ಹಡಗು ತಪ್ಪಿಸಿಕೊಂಡು ಹೋಗುವ ದೃಶ್ಯ ಮಾತ್ರ ಶುದ್ಧ ಸಿನಿಮಾ. ನಿಜದಲ್ಲಿ ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಲಕ್ಷಗಟ್ಟಲೆ ಕಿಲೋಮೀಟರ್ ಜಾಗ. ಪಯನೀರ್ 10 ನೌಕೆ 1973ರಲ್ಲೇ ಅದರೊಳಗಿಂದ ಹಾಯಾಗಿ ದಾಟಿ ಹೋಗಿದೆ. ಮತ್ತೆ ಆ ‘ಬುಸ್’ ಸದ್ದು? ಗಾಳಿಯೇ ಇಲ್ಲದ ಕಡೆ ಸದ್ದು ಎಲ್ಲಿಂದ?

ಉಪ್ಪಳದವಳು
ಅದು ಕಲ್ಪನೆಯ ಹಡಗು ಅಂತ ಅವರೇ ಹೇಳಿದ್ದಾರೆ ಮಾರಾಯ್ರೆ. ಕಲ್ಪನೆಯ ಹಡಗಿಗೆ ಕಲ್ಪನೆಯ ಸದ್ದು.

ಕುಂಬಳೆ ಬಿಟ್ಟವ
ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನನಗೆ ಇದು ತಾಳಮದ್ದಳೆ ನೋಡಿದ ಹಾಗೆ ಆಯಿತು. ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ. ನಾವು ಹೋಗುವುದು ಅರ್ಥಧಾರಿ ಹೇಗೆ ಹೇಳುತ್ತಾನೆ ಅಂತ ಕೇಳಲಿಕ್ಕೆ. ಟೈಸನ್ ಒಳ್ಳೆಯ ಅರ್ಥಧಾರಿ, ಸ್ವರ ಉಂಟು, ನಿಲುಗಡೆ ಉಂಟು, ನಗು ಉಂಟು. ಸಮಸ್ಯೆ ಏನೆಂದರೆ ಎದುರಿನಲ್ಲಿ ಯಾರೂ ಇಲ್ಲ. ಪ್ರಶ್ನೆ ಹಾಕುವ ಎದುರು ಪಾತ್ರ ಇಲ್ಲದೆ ಒಬ್ಬನೇ ಕೂತು ಅರ್ಥ ಹೇಳಿದರೆ ಅದು ಹರಿಕತೆ ಆಗುತ್ತದೆ. ನಿಮ್ಮ ಅಪ್ಪನನ್ನು ಎದುರು ಕೂರಿಸಬೇಕಿತ್ತು.

ಬಾಯಾರು ಅಡಿಕೆ
ಹರಿಕತೆಗೆ ಏನು ಕಡಿಮೆ?

ಕುಂಬಳೆ ಬಿಟ್ಟವ
ಕಡಿಮೆ ಅಂತ ಎಲ್ಲಿ ಹೇಳಿದೆ? ಶುರು ಮಾಡಬೇಡಿ.

ಎಡನೀರು ಓದುಗ
ಬ್ರೂನೋ ಬಗ್ಗೆ ಸ್ವಲ್ಪ. 1600ರ ಫೆಬ್ರವರಿ 17ರಂದು ರೋಮಿನಲ್ಲಿ ಅವನನ್ನು ಜೀವಂತ ಸುಟ್ಟದ್ದು ನಿಜ. ಆದರೆ ಸೂರ್ಯನ ಸುತ್ತ ಭೂಮಿ ಅಂದದ್ದಕ್ಕೆ ಮಾತ್ರ ಸುಟ್ಟರು ಅಂತ ನಂಬಿಕೊಂಡರೆ ತಪ್ಪು. ಕ್ರಿಸ್ತನ ದೈವತ್ವ, ತ್ರಯೈಕ್ಯ ತತ್ವ (ತಂದೆ, ಮಗ, ಪವಿತ್ರಾತ್ಮ ಮೂರೂ ಒಬ್ಬನೇ ದೇವರು ಅನ್ನುವುದು) ಇಂಥದ್ದನ್ನೆಲ್ಲ ಅಲ್ಲಗಳೆದ ಅಂತಲೇ ಮುಖ್ಯ ಆರೋಪ ಇತ್ತು. ವಿಶ್ವಕ್ಕೆ ಕೊನೆ ಇಲ್ಲ, ಬೇರೆ ಲೋಕಗಳುಂಟು ಅನ್ನುವುದೂ ಅದರಲ್ಲಿ ಸೇರಿತ್ತು. ಕಾರ್ಟೂನಿನಲ್ಲಿ ಒಂದು ಕಡೆ ದೊಡ್ಡ ಕಣ್ಣಿನ ಸಾಧು ಮನುಷ್ಯ, ಇನ್ನೊಂದು ಕಡೆ ರಕ್ಕಸರ ಹಾಗೆ ಪಾದ್ರಿಗಳು. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದ ನಮಗೆ ಅದು ಇಷ್ಟವಾಗಬಹುದು. ಚರಿತ್ರೆ ಅಷ್ಟು ಸಪಾಟಾಗಿ ಇರುವುದಿಲ್ಲ.

ಮೂರನೇ ಕಂತಿನಲ್ಲಿ ಹುಕ್‌ಗೂ ಹಾಗೇ ಮಾಡಿದ್ದಾರೆ. ನ್ಯೂಟನ್‌ನ ಎದುರಾಳಿ ಅಂತ ಮುಖವನ್ನೇ ತೋರಿಸದೆ ಕತ್ತಲಲ್ಲಿ ಕೂರಿಸಿದ್ದಾರೆ. ಆ ಹುಕ್ ಸೂಕ್ಷ್ಮದರ್ಶಕದಲ್ಲಿ ನೋಡಿ ‘ಸೆಲ್’ ಅಂತ ಹೆಸರು ಕೊಟ್ಟವನು. ನಾವೆಲ್ಲ ಎಂಟನೇ ಕ್ಲಾಸಿನಲ್ಲಿ ಅವನ ಹೆಸರು ಬಾಯಿಪಾಠ ಮಾಡಿದ್ದೇವೆ.

ಪೆರಡಾಲ ಹೊಳೆ
ಅದೇ ಕಂತಿನ ಮೀನಿನ ಪುಸ್ತಕದ ಕತೆ ಮಾತ್ರ ಬೊಂಬಾಟ್. ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯವರು ಇದ್ದ ದುಡ್ಡನ್ನೆಲ್ಲ ಮೀನುಗಳ ಬಗ್ಗೆ ಒಂದು ದೊಡ್ಡ ಚಿತ್ರದ ಪುಸ್ತಕಕ್ಕೆ ಹಾಕಿದರಂತೆ. ಅದು ಮಾರಾಟ ಆಗಲಿಲ್ಲ. ನ್ಯೂಟನ್‌ನ ಗ್ರಂಥಕ್ಕೆ ದುಡ್ಡೇ ಉಳಿಯಲಿಲ್ಲ. ಖಗೋಳ ವಿಜ್ಞಾನಿ ಹ್ಯಾಲಿ ತನ್ನ ಕೈಯಿಂದ ಹಾಕಿ 1687ರಲ್ಲಿ ಅಚ್ಚು ಹಾಕಿಸಿದ. ಕೊನೆಗೆ ಹ್ಯಾಲಿಗೆ ಸಂಬಳದ ಬದಲು ಆ ಮಾರಾಟವಾಗದ ಮೀನಿನ ಪುಸ್ತಕವನ್ನೇ ಕೊಟ್ಟರು!

ಕಡಲಕರೆ
ನಮ್ಮಲ್ಲೂ ಸಂಬಳಕ್ಕೆ ಮೀನು ಕೊಡುತ್ತಾರೆ. ಪುಸ್ತಕ ಅಲ್ಲ, ಮೀನೇ.

ತಾಳವಾಡಿ ಗಡಿ
ಎಲ್ಲರೂ ಇಂಗ್ಲಿಷಲ್ಲಿ ನೋಡಿದವರು ಮಾತಾಡುತ್ತಿದ್ದೀರಿ. ನಮ್ಮಲ್ಲಿ ನಮ್ಮಜ್ಜಿ, ನಮ್ಮ ಚಿಕ್ಕಪ್ಪ ಕೂತು ನೋಡಬೇಕು ಅಂದರೆ? ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆ, ಮನೆಯಲ್ಲಿ ಕನ್ನಡ. ಡಿಸ್ಕವರಿ 2011ರಲ್ಲಿ ತಮಿಳಿನಲ್ಲೇ ಪ್ರತ್ಯೇಕ ಚಾನೆಲ್ ಶುರು ಮಾಡಿತು. ಹಾಗಾಗಿ ನಮ್ಮ ಹುಡುಗರಿಗೆ ಹುಲಿ, ತಿಮಿಂಗಿಲ, ನಕ್ಷತ್ರ ಎಲ್ಲ ತಮಿಳಲ್ಲಿ ಗೊತ್ತು. ಕನ್ನಡದಲ್ಲಿ ಧಾರಾವಾಹಿಯ ಅತ್ತೆ ಸೊಸೆ ಜಗಳ ಗೊತ್ತು.

ಅಕ್ಕಲಕೋಟೆ ಮಂದಿ
ಖರೇ ಮಾತು. ನಮ್ಮ ಸೊಲ್ಲಾಪುರ ಕಡೆ ಹುಡುಗರು ಹಿಂದಿಯಲ್ಲಿ ನೋಡುತ್ತಾರೆ, ಮುಗಿಯಿತು. ಕನ್ನಡ ಶಾಲೆ ಉಂಟು, ಕನ್ನಡ ಮಾತಾಡುತ್ತೇವೆ, ಟಿವಿ ವಿಜ್ಞಾನ ಮಾತ್ರ ಹಿಂದಿ.

ಮುರಕಲ್ಲು
ಡಬ್ಬಿಂಗ್ ಬೇಡ ಅಂತ ಕರ್ನಾಟಕದ ಸಿನಿಮಾದವರು ಈ 2014ರಲ್ಲೂ ಪಟ್ಟು ಹಿಡಿದಿದ್ದಾರಲ್ಲ. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಮಲಯಾಳ, ತಮಿಳು, ತೆಲುಗು ಎಲ್ಲದರಲ್ಲೂ ಬಂತು, ಕನ್ನಡದಲ್ಲಿ ಬರಲಿಲ್ಲ. ನಾವು ಕಾಸರಗೋಡಿನವರು ಅದನ್ನು ಮಲಯಾಳದಲ್ಲಿ ನೋಡಿದೆವು. ಕನ್ನಡ ಉಳಿಸುತ್ತೇವೆ ಅಂತ ಹೇಳಿ ನಮ್ಮನ್ನು ಮಲಯಾಳಕ್ಕೆ ಕಳಿಸಿದರು.

ಕುಂಬಳೆ ಬಿಟ್ಟವ
ಒಂದು ಕಾಲದಲ್ಲಿ ಅದಕ್ಕೆ ಕಾರಣ ಇತ್ತು. ಅರುವತ್ತರ ದಶಕದಲ್ಲಿ ಕನ್ನಡದಲ್ಲಿ ಸ್ವಂತ ಸಿನಿಮಾಗಳೇ ಕಡಿಮೆ. ಡಬ್ಬಿಂಗ್ ಬಂದಿದ್ದರೆ ಇಲ್ಲಿನ ಕಲಾವಿದರಿಗೆ ಗಂಜಿ ಸಿಗುತ್ತಿರಲಿಲ್ಲ. ಕತೆಯ ಸಿನಿಮಾಕ್ಕೆ ಆ ಮಾತು ಇವತ್ತೂ ಹೇಳಬಹುದು. ಆದರೆ ಶನಿಗ್ರಹಕ್ಕೆ ಸ್ಥಳೀಯ ಕಲಾವಿದ ಯಾರು? ಇಂಥ ಕಾರ್ಯಕ್ರಮಕ್ಕೂ ಅದೇ ನಿಯಮ ಹಾಕುವುದು ಸುಮ್ನೆ ಹಟ.

ಎಡನೀರು ಓದುಗ
ಡಬ್ಬಿಂಗ್ ಬಂದರೆ ಕನ್ನಡದಲ್ಲಿ ಸ್ವಂತವಾಗಿ ಮಾಡುವವರು ಇನ್ನೂ ಕಡಿಮೆ ಆಗುತ್ತಾರೆ ಅನ್ನುವ ಹೆದರಿಕೆ ನನಗುಂಟು. ಅದನ್ನು ಹಟ ಅಂತ ತಳ್ಳಿಹಾಕಬೇಡಿ.

ಮುರಕಲ್ಲು
ಸೊನ್ನೆಗಿಂತ ಕಡಿಮೆ ಹೇಗೆ ಆಗುತ್ತದೆ, ಎಂಜಿನಿಯರು ಲೆಕ್ಕ ಹಾಕಿ ಹೇಳಲಿ.

ಗಡಿನಾಡ ಮೇಷ್ಟ್ರು
ನಾನು ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಪಾಠ ಮಾಡುವವನು. ಡಬ್ಬಿಂಗ್ ಬರುವವರೆಗೆ ಕಾಯುತ್ತಾ ಕೂತರೆ ನನ್ನ ಮಕ್ಕಳು ಪಾಸಾಗಿ ಹೋಗಿಬಿಡುತ್ತಾರೆ. ನಾನು ಮಾಡಿದ್ದು ಇಷ್ಟು. ಆ ಕ್ಯಾಲೆಂಡರನ್ನು ಶಾಲೆಯ ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಹನ್ನೆರಡು ಕಂಬ ಉಂಟು, ಕಂಬಕ್ಕೊಂದು ತಿಂಗಳು. ಒಂದು ತಿಂಗಳು ಅಂದರೆ ನೂರು ಕೋಟಿ ವರ್ಷಕ್ಕೂ ಜಾಸ್ತಿ, ಒಂದು ದಿನ ಅಂದರೆ ಸುಮಾರು ನಾಲ್ಕು ಕೋಟಿ. ಒಂದೊಂದು ಮಗುವಿಗೆ ಒಂದೊಂದು ಚೀಟಿ ಕೊಟ್ಟು, ಜಾಗ ಹುಡುಕಿ ನಿಲ್ಲಿ ಅಂದೆ. ನಮ್ಮ ಗ್ಯಾಲಕ್ಸಿ ಹಾಲುಹಾದಿ ಮಾರ್ಚಿಗೆ ಹೋಯಿತು. ಮೊದಲ ಜೀವ ಸೆಪ್ಟೆಂಬರಿಗೆ. ಆಮೇಲೆ ಅಕ್ಟೋಬರ್, ನವೆಂಬರ್ ಕಂಬಗಳ ಹತ್ತಿರ ಹೆಚ್ಚು ಯಾರೂ ಇಲ್ಲ. ಡಿಸೆಂಬರ್ ಕಂಬದಲ್ಲಿ ಮಾತ್ರ ದೂಡಾಟ, ಮೀನು, ಡೈನೋಸಾರು, ಹೂವು, ಹಕ್ಕಿ, ಮನುಷ್ಯ ಎಲ್ಲ ಒಂದೇ ಕಡೆ. “ಸಾರ್, ಇಲ್ಲಿ ಜಾಗ ಇಲ್ಲ” ಅಂತ ಗಲಾಟೆ. ನಾನು ವಿವರಿಸಬೇಕಾಗಿಯೇ ಬರಲಿಲ್ಲ.

ಒಬ್ಬಳು ಜನವರಿ ಕಂಬದ ಹತ್ತಿರ ನಿಂತು ಕೇಳಿದಳು, “ಇದಕ್ಕಿಂತ ಮೊದಲು ಹಿಂದಿನ ವರ್ಷದ ಡಿಸೆಂಬರ್ ಇರಲಿಲ್ವಾ ಸಾರ್?”

ಮಂಜೇಶ್ವರ ಎಂಜಿನಿಯರ್
ಮೇಷ್ಟ್ರೇ, ಅದಕ್ಕೆ ಉತ್ತರ ಗೊತ್ತಾದರೆ ನೊಬೆಲ್ ತರಲು ಸೀದಾ ಸ್ಟಾಕ್‌ಹೋಮ್‌ಗೆ ಟಿಕೆಟ್ ತೆಗೆಯಿರಿ.

ಸೀತಾಂಗೋಳಿ
ಎಲ್ಲ ಸರಿ. ನಮ್ಮ ದೇಶದವರ ಹೆಸರು ಒಂದಾದರೂ ಬಂತಾ? ಆರ್ಯಭಟ ಇಲ್ಲ, ಭಾಸ್ಕರ ಇಲ್ಲ. ಇದೇ ಅವರ ಬುದ್ಧಿ. ನಮ್ಮ ಪುರಾಣದಲ್ಲಿ ಎಲ್ಲ ಮೊದಲೇ ಹೇಳಿ ಆಗಿದೆ.

ಎಡನೀರು ಓದುಗ
ಹಳೆಯ ಸರಣಿ ನೋಡಿ. ಸೇಗನ್ ತಮಿಳುನಾಡಿಗೆ ಬಂದು ಪೊಂಗಲ್ ಹಬ್ಬ ತೋರಿಸಿದ್ದಾರೆ. ಚೋಳರ ಕಾಲದ ನಟರಾಜನ ಬಗ್ಗೆ ಮಾತಾಡಿದ್ದಾರೆ. ಬ್ರಹ್ಮನ ಒಂದು ಹಗಲು ರಾತ್ರಿ 864 ಕೋಟಿ ವರ್ಷ ಅನ್ನುವ ಲೆಕ್ಕ ಹೇಳಿ, ಆಧುನಿಕ ವಿಜ್ಞಾನದ ಕಾಲಮಾನಕ್ಕೆ ಹತ್ತಿರ ಬರುವುದು ಇದೊಂದೇ, ಆದರೆ ಅದು ಆಕಸ್ಮಿಕ ಅಂತಲೂ ಹೇಳಿದ್ದಾರೆ.

ಸೀತಾಂಗೋಳಿ
ಆಕಸ್ಮಿಕ ಅಂತ ಅವರು ಹೇಳಿದರೆ ಆಯಿತಾ?

ಗಡಿನಾಡ ಮೇಷ್ಟ್ರು
ಸೀತಾಂಗೋಳಿಯವರೇ, ಹೆಮ್ಮೆ ಪಡಲು ಪುರಾಣಕ್ಕೇ ಹೋಗಬೇಕಾಗಿಲ್ಲ. ಇದೇ ಕೇರಳದಲ್ಲಿ ಹದಿನಾಲ್ಕನೇ ಶತಮಾನದಲ್ಲಿ ಸಂಗಮಗ್ರಾಮದ ಮಾಧವ ಇದ್ದ. ವೃತ್ತದ ಸುತ್ತಳತೆ ವ್ಯಾಸದ ಎಷ್ಟು ಪಟ್ಟು (ಅದೇ ‘ಪೈ’) ಅನ್ನುವುದಕ್ಕೆ ಒಂದು ಲೆಕ್ಕದ ಸರಣಿ ಕಂಡುಹಿಡಿದ. ನಾಲ್ಕರಿಂದ ಶುರು ಮಾಡಿ, ನಾಲ್ಕನ್ನು ಮೂರರಿಂದ ಭಾಗಿಸಿ ಕಳೆಯುವುದು, ಐದರಿಂದ ಭಾಗಿಸಿ ಕೂಡಿಸುವುದು, ಏಳರಿಂದ ಭಾಗಿಸಿ ಕಳೆಯುವುದು, ಹೀಗೇ. ಯುರೋಪಿನಲ್ಲಿ ಅದು ಸಿಕ್ಕಿದ್ದು ಸುಮಾರು ಮುನ್ನೂರು ವರ್ಷ ಕಳೆದು. ಅವನ ಶಿಷ್ಯಪರಂಪರೆ ಅದು ಯಾಕೆ ಸರಿ ಅನ್ನುವ ಸಾಧನೆಯನ್ನೂ ಬರೆದಿಟ್ಟಿದೆ, ಮಲಯಾಳದಲ್ಲೇ. ನನ್ನ ಮಕ್ಕಳ ಕೈಯಲ್ಲಿ ಆ ಲೆಕ್ಕ ಮಾಡಿಸಿದೆ. ತುಂಬ ನಿಧಾನಕ್ಕೆ 3.14ರ ಹತ್ತಿರ ಬರುತ್ತದೆ, ಬೇಜಾರು ಬರುವಷ್ಟು ನಿಧಾನ. ಅದನ್ನು ಬೇಗ ತಲುಪಿಸುವ ಉಪಾಯವನ್ನೂ ಅವರೇ ಕಂಡುಹಿಡಿದಿದ್ದರು. ಟಿವಿಯವರು ಇದನ್ನು ಬಿಟ್ಟದ್ದಕ್ಕೆ ನನಗೂ ಸಿಟ್ಟುಂಟು.

ಸೀತಾಂಗೋಳಿ
ನಾನೂ ಅದನ್ನೇ ಹೇಳಿದ್ದು.

ಮುರಕಲ್ಲು
ಇಲ್ಲ, ನೀವು ಹೇಳಿದ್ದು ಅದಲ್ಲ 😀

ಉಪ್ಪಳದವಳು
ಐದನೇ ಕಂತಿನಲ್ಲಿ ಚೀನಾದ ಚಿಂತಕ ಮೋಜಿ ಬಂದ, ಇರಾಕಿನ ಇಬ್ನ್ ಅಲ್ ಹೈಥಮ್ ಬಂದ. ಸಾವಿರ ವರ್ಷದ ಹಿಂದೆ ಅವನು ಬೆಳಕು ನೇರವಾಗಿ ಹೋಗುತ್ತದೆ ಅಂತ ಡೇರೆಯ ತೂತು ಬಳಸಿ ತೋರಿಸುವುದು ಉಂಟಲ್ಲ, ಅದು ‘ಹೇಗೆ ಗೊತ್ತಾಯಿತು’ ಅಲ್ವಾ? ಪೆರಡಾಲದವರು ಎಲ್ಲಿ ಮಾಯ?

ಎಣ್ಮಕಜೆ
ಈ ಚರ್ಚೆ ಮಲಗಿ ಕೆಲವು ವಾರ ಆಯಿತು, ಎಬ್ಬಿಸುತ್ತಿದ್ದೇನೆ. ಏಳನೇ ಕಂತು ನೋಡಿದಿರಾ? ಸೀಸದ ಕತೆ. ನಾನು ಎರಡು ಸಲ ನೋಡಿದೆ. ಟಿವಿ ಮುಂದೆ ಕೂತು ಇಷ್ಟು ಸಿಟ್ಟು ಬಂದದ್ದು ಇದೇ ಮೊದಲು.

ಪೆರಡಾಲ ಹೊಳೆ
ನೋಡಿದೆ! ಇಡೀ ಸರಣಿಯಲ್ಲಿ ನನಗೆ ಬೇಕಾದ ಕಂತು ಅದು. ನೋಡದವರಿಗೆ ಕತೆ ಹೇಳುತ್ತೇನೆ. ಕ್ಲೇರ್ ಪ್ಯಾಟರ್ಸನ್ ಅಂತ ಅಮೆರಿಕದ ಒಬ್ಬ ವಿಜ್ಞಾನಿ. ಭೂಮಿಯ ವಯಸ್ಸು ಕಂಡುಹಿಡಿಯಬೇಕು. ಯುರೇನಿಯಂ ನಿಧಾನಕ್ಕೆ ಸೀಸ ಆಗುತ್ತದೆ, ಎಷ್ಟು ಕಾಲಕ್ಕೆ ಎಷ್ಟು ಅಂತ ಗೊತ್ತುಂಟು. ಹಾಗಾಗಿ ಹಳೆಯ ಕಲ್ಲಿನಲ್ಲಿ ಸೀಸ ಎಷ್ಟುಂಟು ಅಂತ ಅಳೆದರೆ ವಯಸ್ಸು ಸಿಗುತ್ತದೆ. ಇವನು ಅಳೆದಾಗಲೆಲ್ಲ ಲೆಕ್ಕಕ್ಕಿಂತ ಎಷ್ಟೋ ಪಾಲು ಜಾಸ್ತಿ ಸೀಸ! ಪಾತ್ರೆ ತೊಳೆದ, ನೆಲ ಉಜ್ಜಿದ, ಉಪಕರಣಗಳನ್ನು ಆಸಿಡ್‌ನಲ್ಲಿ ಕುದಿಸಿದ. ಸೀಸ ಗಾಳಿಯಲ್ಲೇ ಇತ್ತು, ಬಟ್ಟೆಯಲ್ಲಿ, ತಲೆಕೂದಲಿನಲ್ಲಿ ಇತ್ತು. ಕೊನೆಗೆ ದೂಳೇ ಒಳಗೆ ಬಾರದ ಕೋಣೆ ಕಟ್ಟಿಸಿ, ಭೂಮಿಯ ಜೊತೆಗೇ ಹುಟ್ಟಿ ಅರಿಜೋನಾದಲ್ಲಿ ಬಿದ್ದ ಉಲ್ಕೆಯ ತುಂಡನ್ನು ಅಳೆದು, ಭೂಮಿಗೆ 455 ಕೋಟಿ ವರ್ಷ ಅಂತ 1956ರಲ್ಲಿ ಪ್ರಕಟಿಸಿದ. ಆ ಲೆಕ್ಕ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಿಂತಿದೆ.

ಅಲ್ಲಿಗೇ ಬಿಡಲಿಲ್ಲ. ಇಷ್ಟು ಸೀಸ ಗಾಳಿಗೆ ಬಂದದ್ದು ಎಲ್ಲಿಂದ ಅಂತ ಹಿಡಿದು ಹೊರಟ. ಸಮುದ್ರದಲ್ಲಿ ಆಳದ ನೀರಿಗಿಂತ ಮೇಲಿನ ನೀರಿನಲ್ಲಿ ಸೀಸ ಜಾಸ್ತಿ, ಅಂದರೆ ಬಂದದ್ದು ಇತ್ತೀಚೆಗೆ. ಗ್ರೀನ್‌ಲ್ಯಾಂಡಿನ ಹಳೆಯ ಹಿಮದಲ್ಲಿ ಕಡಿಮೆ, ಹೊಸ ಹಿಮದಲ್ಲಿ ಜಾಸ್ತಿ. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಮುಖ್ಯ ಕಾರಣ. ಹೇಳಿದ್ದಕ್ಕೆ ಅವನಿಗೆ ಎಣ್ಣೆ ಕಂಪೆನಿಗಳಿಂದ ಬರುತ್ತಿದ್ದ ಸಂಶೋಧನೆಯ ದುಡ್ಡು ನಿಂತಿತು.

ಎಣ್ಮಕಜೆ
ಮತ್ತೆ ಆ ಇನ್ನೊಬ್ಬ ವಿಜ್ಞಾನಿ, ರಾಬರ್ಟ್ ಕೀಹೋ. ಸೀಸದ ಉದ್ದಿಮೆಯ ದುಡ್ಡಿನಲ್ಲಿ ಕೆಲಸ ಮಾಡುತ್ತಿದ್ದವನು. ಅವನ ವಾದ ಏನು? ಸೀಸ ಪ್ರಕೃತಿಯಲ್ಲೇ ಉಂಟು. ಹಾನಿ ಆಗುತ್ತದೆ ಅಂತ ಮೊದಲು ನೀವು ಸಾಬೀತು ಮಾಡಿ, ಅಲ್ಲಿವರೆಗೆ ನಾವು ಬೆರೆಸುತ್ತೇವೆ.

ಈ ಮಾತು ನಾವು ಎಲ್ಲಿ ಕೇಳಿದ್ದೇವೆ ಅಂತ ನಮ್ಮ ಕಾಸರಗೋಡಿನ ಪಡ್ರೆ, ಬೆಳ್ಳೂರು, ಕುಂಬಡಾಜೆಯವರಿಗೆ ಹೇಳಬೇಕಾ? ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟರು. ಬಾವಿ ಮುಚ್ಚಿ ಇಡಿ ಅಂತ ಮೊದಲೇ ತಿಳಿಸುತ್ತಿದ್ದರು. ನಮ್ಮಲ್ಲಿ ಬಾವಿಯೇ ಇಲ್ಲ, ಸುರಂಗದ ನೀರು. ಗುಡ್ಡದ ಹೊಟ್ಟೆಯಿಂದ ಬಂದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಅಂಗಳದ ಟಾಂಕಿಗೆ ಬೀಳುತ್ತದೆ. ದಂಬೆಯ ಮೇಲೆಲ್ಲ ಆಕಾಶ. ಅಮ್ಮ ಹರಿದ ಸೀರೆ ಹೊದೆಸುತ್ತಿದ್ದರು. ನಾವು ಮಕ್ಕಳು ಹೆಲಿಕಾಪ್ಟರ್ ನೋಡಲು ಗುಡ್ಡೆ ಹತ್ತಿ ಓಡುತ್ತಿದ್ದೆವು. ಬೈದು ಕರೆಯಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಮೊದಲು ಕಡಿಮೆಯಾದದ್ದು ಜೇನು.

ಬಾಯಾರು ಅಡಿಕೆ
ಹೌದು, ಜೇನುಪೆಟ್ಟಿಗೆ ಇಟ್ಟವರೆಲ್ಲ ಆಗ ಕೈಬಿಟ್ಟರು. ಮಕ್ಕಳ ವಿಷಯ ಇಲ್ಲಿ ಬರೆಯಲು ಆಗುವುದಿಲ್ಲ.

ಮಂಜೇಶ್ವರ ಎಂಜಿನಿಯರ್
ಬೈಗುಳ ತಿನ್ನುವ ಮಾತು ಹೇಳುತ್ತೇನೆ. ಎಂಡೋಸಲ್ಫಾನ್ ವಿಷ, ಅದರಲ್ಲಿ ಸಂಶಯ ಇಲ್ಲ. 2011ರ ಏಪ್ರಿಲಿನಲ್ಲಿ ವಿಷ ರಾಸಾಯನಿಕಗಳ ಬಗ್ಗೆ ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಲ್ಲೂ ತಡೆಯಿತು. ಎರಡೂ ಸರಿ. ಆದರೆ ಪ್ಯಾಟರ್ಸನ್ ಹತ್ತಿರ ಹಿಮದ ಪದರು ಇತ್ತು, ಮೊದಲು ಎಷ್ಟು, ಆಮೇಲೆ ಎಷ್ಟು ಅಂತ ತೋರಿಸಿದ. ನಮ್ಮಲ್ಲಿ ಸಿಂಪಡಿಸುವ ಮೊದಲು ಯಾವ ಕಾಯಿಲೆ ಎಷ್ಟು ಜನಕ್ಕೆ ಇತ್ತು ಅನ್ನುವ ಲೆಕ್ಕವೇ ಇಲ್ಲ. ಹಾಗಾಗಿಯೇ ಒಂದು ಸಮಿತಿ ಸಂಬಂಧ ಉಂಟು ಅಂದರೆ ಇನ್ನೊಂದು ಇಲ್ಲ ಅಂದಿತು. ‘ಹೇಗೆ ಗೊತ್ತಾಯಿತು’ ಅಂತ ಟೈಸನ್‌ಗೆ ಕೇಳುವ ನಾವು ನಮಗೂ ಕೇಳಿಕೊಳ್ಳಬೇಕಲ್ಲ?

ಎಣ್ಮಕಜೆ
ಕೇಳಿಕೊಳ್ಳೋಣ. ಸಿಂಪಡಿಸುವ ಮೊದಲು ಲೆಕ್ಕ ಇಡಬೇಕಾದವರು ಯಾರು? ವಿಷ ಬಿಟ್ಟವರೋ, ನೀರು ಕುಡಿದವರೋ? ಲೆಕ್ಕ ಇಡದೆ ಇದ್ದವರೇ ಆಮೇಲೆ ಬಂದು “ಲೆಕ್ಕ ಎಲ್ಲಿ?” ಅಂತ ಕೇಳಿದರು. ಇದು ಕೀಹೋ ಹೇಳಿದ್ದಕ್ಕಿಂತ ಹೇಗೆ ಬೇರೆ?

ಗಡಿನಾಡ ಮೇಷ್ಟ್ರು
ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪಡ್ರೆಯ ಶಾಲೆಯ ಮಕ್ಕಳನ್ನು ಪರೀಕ್ಷಿಸಿ, ಸಿಂಪಡಣೆ ಇಲ್ಲದ ಇನ್ನೊಂದು ಊರಿನ ಮಕ್ಕಳೊಂದಿಗೆ ಹೋಲಿಸಿದ್ದರು. ಮೊದಲಿನ ಲೆಕ್ಕ ಇಲ್ಲದಾಗ ಮಾಡಬಹುದಾದ ದಾರಿ ಅದು. ಎರಡು ಊರುಗಳ ನಡುವೆ ವ್ಯತ್ಯಾಸ ಕಂಡಿತ್ತು.

ಮಂಜೇಶ್ವರ ಎಂಜಿನಿಯರ್
ಅದು ಗೊತ್ತುಂಟು. ಅದರ ಮೇಲೆ ಬಂದ ಆಕ್ಷೇಪವೂ ಗೊತ್ತುಂಟು. ಸಂತ್ರಸ್ತರಿಗೆ ನೆರವು ಕೊಡಲು ನೂರಕ್ಕೆ ನೂರು ಸಾಬೀತು ಬೇಕು ಅಂತ ನಾನು ಹೇಳುವುದಿಲ್ಲ. ಪ್ರತಿಯೊಂದು ಕಾಯಿಲೆಗೂ ಅದೇ ಕಾರಣ ಅಂತ ಕಣ್ಣುಮುಚ್ಚಿ ಹೇಳುವುದು ಬೇಡ, ಅಷ್ಟೇ.

ಎಣ್ಮಕಜೆ
ಇಲ್ಲಿಗೆ ಬಂದು ಒಂದು ದಿನ ಇದ್ದು ಹೋಗಿ. ಆಮೇಲೆ ‘ಅಷ್ಟೇ’ ಹೇಳಿ.

ಉಪ್ಪಳದವಳು
ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ನಮ್ಮ ದೇಶದಲ್ಲೂ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲೇ ಅಲ್ವಾ? ಹೆಲಿಕಾಪ್ಟರ್ ನಿಂತ ವರ್ಷವೇ. ಮೊದಲು ಪಂಪಿನಲ್ಲಿ ‘ಸೀಸರಹಿತ’ ಅಂತ ಬೇರೆ ಬೋರ್ಡು ಇರುತ್ತಿತ್ತು.

ಕಡಲಕರೆ
ಒಂದು ಪ್ರಶ್ನೆ. ನಾವು ಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತೇವೆ, ಬಲೆ ಮುಳುಗಲಿಕ್ಕೆ. ಮನೆಯಲ್ಲೇ ಕರಗಿಸಿ ಅಚ್ಚು ಹೊಯ್ಯುತ್ತೇವೆ. ಸಣ್ಣವರಿದ್ದಾಗ ಹಲ್ಲಿನಿಂದ ಕಚ್ಚಿ ಬಿಗಿ ಮಾಡುತ್ತಿದ್ದೆವು. ಅದೂ ಇದೇ ಸೀಸವಾ?

ಮಂಜೇಶ್ವರ ಎಂಜಿನಿಯರ್
ಅದೇ. ಕಚ್ಚುವುದು ಇವತ್ತೇ ನಿಲ್ಲಿಸಿ. ಕರಗಿಸುವುದಾದರೆ ಅಡುಗೆಕೋಣೆಯಲ್ಲಿ ಬೇಡ, ಹೊರಗೆ ಗಾಳಿಗೆ, ಮಕ್ಕಳನ್ನು ದೂರ ಕಳಿಸಿ. ಆ ಪಾತ್ರೆಯನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಸೀಸ ಮಕ್ಕಳ ಮಿದುಳಿಗೆ ಬಹಳ ಕೆಟ್ಟದು.

ಕಡಲಕರೆ
ಸರಿ. ಅಣ್ಣನಿಗೆ ಹೇಳುತ್ತೇನೆ. ಅವನು ಒಲೆಯ ಹತ್ತಿರವೇ ಕೂತು ಕರಗಿಸುವುದು.

ಕುಂಬಳೆ ಬಿಟ್ಟವ
ಫ್ಯಾರಡೆ ಕಂತು ಯಾರಿಗೆ ಇಷ್ಟವಾಯಿತು? ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಹುಡುಗ, ಕಟ್ಟಲು ಬಂದ ಪುಸ್ತಕ ಓದಿ ಓದಿ ವಿಜ್ಞಾನಿ ಆದದ್ದು. ಹಾಳೆಯ ಮೇಲೆ ಕಬ್ಬಿಣದ ಪುಡಿ ಹರಡಿ ಅಡಿಯಲ್ಲಿ ಅಯಸ್ಕಾಂತ ಹಿಡಿಯುವುದು ಎಲ್ಲ ಮನೆಯಲ್ಲೇ ಮಾಡಬಹುದು. ಹೀಗೆ ಕೈಯಲ್ಲಿ ಮಾಡಿ ನೋಡುವಂಥದ್ದು ಇನ್ನೂ ಜಾಸ್ತಿ ಬೇಕಿತ್ತು.

ಬಾಯಾರು ಅಡಿಕೆ
ಕೈಯಲ್ಲಿ ಮಾಡುವುದು ಬೇಕಾದರೆ ನಮ್ಮ ತೋಟಕ್ಕೆ ಬನ್ನಿ. ಮಳೆ ಹತ್ತಿರ ಬಂತು, ಕೊಳೆರೋಗಕ್ಕೆ ಮದ್ದು ಬಿಡುವ ಕಾಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ಸರಿಯಾಗಿದೆಯಾ ಅಂತ ನೋಡಲು ಕತ್ತಿಯ ಅಲಗನ್ನು ತಿಕ್ಕಿ ಹೊಳಪು ಮಾಡಿ ಮುಳುಗಿಸುವುದು. ತೆಗೆದಾಗ ಅಲಗು ಕೆಂಪಾಗಿದ್ದರೆ ಸುಣ್ಣ ಸಾಲದು. ಇದು ಯಾಕೆ ಅಂತ ನನಗೆ ಯಾರೂ ಹೇಳಿಲ್ಲ, ಅಪ್ಪ ಮಾಡುತ್ತಿದ್ದರು, ನಾನೂ ಮಾಡುತ್ತೇನೆ.

ಗಡಿನಾಡ ಮೇಷ್ಟ್ರು
ಮೈಲುತುತ್ತಿನಲ್ಲಿ ತಾಮ್ರ ಉಂಟು. ಸುಣ್ಣ ಸಾಲದಿದ್ದರೆ ತಾಮ್ರ ನೀರಿನಲ್ಲಿ ಕರಗಿಕೊಂಡೇ ಇರುತ್ತದೆ. ಕಬ್ಬಿಣ ಸಿಕ್ಕಿದ ಕೂಡಲೇ ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂರುತ್ತದೆ. ಆ ಕೆಂಪು ತಾಮ್ರದ್ದು. ಹಾಗೇ ಸಿಂಪಡಿಸಿದರೆ ಎಲೆ, ಕಾಯಿ ಎಲ್ಲ ಸುಡುತ್ತದೆ. ಸುಣ್ಣ ಸರಿಯಾಗಿದ್ದರೆ ತಾಮ್ರ ಗಸಿಯಾಗಿ ಬೇರೆ ಆಗುತ್ತದೆ, ಕತ್ತಿಗೆ ಹಿಡಿಯುವುದಿಲ್ಲ.

ಬಾಯಾರು ಅಡಿಕೆ
ಹೋ! ಇದನ್ನು ಶಾಲೆಯಲ್ಲಿ ಯಾಕೆ ಹೇಳಲಿಲ್ಲ ಮಾರಾಯ್ರೆ? ಇರಲಿ, ಮೈಲುತುತ್ತು ಈಗ ಕಿಲೋಗೆ ಎಷ್ಟುಂಟು? ಮರ ಹತ್ತುವವರು ಯಾರಾದರೂ ಇದ್ದರೆ ತಿಳಿಸಿ, ನಮ್ಮವ ಗಲ್ಫಿಗೆ ಹೋದ.

ಮುರಕಲ್ಲು
ಹತ್ತುವವರು ಸಿಕ್ಕಿದರೆ ಮೊದಲು ನನಗೆ ಹೇಳಿ. ನಾನು ಏಪ್ರಿಲಿನಿಂದ ಹುಡುಕುತ್ತಿದ್ದೇನೆ.

ಉಪ್ಪಳದವಳು
ಅಡಿಕೆಗೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು. ಹವಾಮಾನದ ಕಂತು ಬರಲಿಕ್ಕುಂಟಂತೆ, ಅದರ ಬಗ್ಗೆ ಇಲ್ಲೇ ಬರೆಯುತ್ತೇನೆ.